ಒಂದೇ ಅಪ್‌ಡೇಟ್, ಒಬ್ಬರಿಗೆ ಐದು ನಿಮಿಷ, ಇನ್ನೊಬ್ಬರಿಗೆ ಒಂದು ಗಂಟೆ: ಯಾಕೆ ಹೀಗೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. 25ಎಚ್2 ಎಂಬ ವಾರ್ಷಿಕ ಅಪ್‌ಡೇಟ್ ಬಂದಾಗ ಒಂದೇ ರೀಸ್ಟಾರ್ಟ್‌ನಲ್ಲಿ, ಐದು ನಿಮಿಷದೊಳಗೆ ಕೆಲಸ ಮುಗಿಯಿತು. ಅದನ್ನೇ ಹಾಕಿಕೊಂಡ ಅಕ್ಕನ ಕಂಪ್ಯೂಟರ್ ಒಂದು ಗಂಟೆಗೂ ಮೇಲೆ ಹಿಡಿಯಿತು. ಅದರಲ್ಲಿದ್ದುದು 23ಎಚ್2 ಆವೃತ್ತಿ. ಮಧ್ಯೆ ಮೂರ್ನಾಲ್ಕು ಸಲ ತಾನಾಗಿಯೇ ಆಫ್ ಆಗಿ ಆನ್ ಆಯಿತು. ಈಗ ಇಬ್ಬರದೂ ಒಂದೇ ಆವೃತ್ತಿ. ಆದರೂ ಅವಳ ಸ್ಟಾರ್ಟ್ ಮೆನು ಹೊಸ ರೂಪದ್ದು, ನನ್ನದು ಹಳೆಯದೇ. ನನ್ನದು ಸರಿಯಾಗಿ ಇನ್‌ಸ್ಟಾಲ್ ಆಗಿಲ್ಲವೇ? ಇವನ್ನೆಲ್ಲ ಹಾಕಿಕೊಳ್ಳಲೇಬೇಕೇ? ಬೇಡವೆಂದರೆ ತಡೆಯಲು, ಹಾಕಿದ ಮೇಲೆ ಹಿಂದಕ್ಕೆ ಹೋಗಲು ಆಗುತ್ತದೆಯೇ?

ಉತ್ತರ: ನಿಮ್ಮದೂ ಸರಿಯಾಗಿಯೇ ಇನ್‌ಸ್ಟಾಲ್ ಆಗಿದೆ, ಅಕ್ಕನದೂ ಸರಿಯಾಗಿಯೇ ಆಗಿದೆ. ‘ಅಪ್‌ಡೇಟ್ ಆಯಿತು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಮಾತಿನೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ, ಗೊಂದಲ ಹುಟ್ಟುವುದೇ ಅಲ್ಲಿ. ಹೊಸ ಕೋಡ್ ನಿಮ್ಮ ಡಿಸ್ಕಿಗೆ ಬಂದು ಕೂರುವುದು ಒಂದು ಕೆಲಸ. ಆವೃತ್ತಿಯ ಸಂಖ್ಯೆ ಬದಲಾಗುವುದು ಇನ್ನೊಂದು. ಹೊಸ ಸೌಲಭ್ಯ ಚಾಲೂ ಆಗಿ ಕಣ್ಣಿಗೆ ಕಾಣುವುದು ಮತ್ತೊಂದು. ಹಿಂದೆ ಈ ಮೂರೂ ಒಂದೇ ದಿನ ಆಗುತ್ತಿದ್ದವು. ಈಗ ಮೂರಕ್ಕೂ ಮೂರು ಮುಹೂರ್ತ.

ಮೊದಲು ಹಿನ್ನೆಲೆ, ಚುಟುಕಾಗಿ. 2015ರ ಜುಲೈ 29ರಂದು ವಿಂಡೋಸ್ 10 ಬರುವವರೆಗೆ ಹೊಸತು ಬೇಕೆಂದರೆ ಹೊಸ ವಿಂಡೋಸನ್ನೇ ಕೊಳ್ಳಬೇಕಿತ್ತು, ಅದೂ ಕೆಲವು ವರ್ಷಗಳಿಗೊಮ್ಮೆ. ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ದಾರಿ ಬದಲಿಸಿತು: ವ್ಯವಸ್ಥೆ ಅದೇ ಇರುತ್ತದೆ, ಸೌಲಭ್ಯಗಳು ಅಪ್‌ಡೇಟ್ ಮೂಲಕ ಬರುತ್ತಿರುತ್ತವೆ. 2017ರಿಂದ ವರ್ಷಕ್ಕೆರಡು ಫೀಚರ್ ಅಪ್‌ಡೇಟ್ ಕೊಡುವ ಲೆಕ್ಕ ಹಾಕಿತು. ಕಂಪನಿಗಳ ಐಟಿ ವಿಭಾಗದವರಿಗೆ ಇದರಿಂದ ಸಾಕುಸಾಕಾಯಿತು. ಒಂದನ್ನು ಪರೀಕ್ಷಿಸಿ ಎಲ್ಲ ಯಂತ್ರಗಳಿಗೆ ಹಾಕಿ ಮುಗಿಸುವಷ್ಟರಲ್ಲಿ ಮುಂದಿನದು ಬಾಗಿಲಲ್ಲಿ ನಿಂತಿರುತ್ತಿತ್ತು. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಾಗ ಲೆಕ್ಕ ವರ್ಷಕ್ಕೊಂದಕ್ಕೆ ಇಳಿಯಿತು. 25ಎಚ್2 ಎಂದರೆ 2025ರ ಎರಡನೇ ಅರ್ಧದ್ದು, ಅಷ್ಟೇ.

ಇದಲ್ಲದೆ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್ ಬರುತ್ತದೆ. ಈ ಪದ್ಧತಿ 2003ರಿಂದ ನಡೆದುಕೊಂಡು ಬಂದಿದೆ. ಈಗಿನ ಮಾಸಿಕ ಅಪ್‌ಡೇಟ್‌ಗಳು ಸಂಚಿತ ಸ್ವರೂಪದವು. ಎರಡು ತಿಂಗಳು ಹಾಕದೆ ಬಿಟ್ಟರೂ ಮೂರನೆಯದರಲ್ಲಿ ಹಿಂದಿನದೆಲ್ಲ ಸೇರಿರುತ್ತದೆ. ಜನ ‘ಬರೀ ಸೆಕ್ಯುರಿಟಿ ಪ್ಯಾಚ್’ ಎಂದು ಲಘುವಾಗಿ ನೋಡುವ ಈ ಮಾಸಿಕ ಕಂತಿನಲ್ಲೇ ಹೊಸ ಸೌಲಭ್ಯಗಳ ಕೋಡ್ ಕೂಡ ಸದ್ದಿಲ್ಲದೆ ಬಂದು ಸೇರುತ್ತದೆ. ನಿಮ್ಮ ಐದು ನಿಮಿಷದ ಗುಟ್ಟು ಇಲ್ಲಿದೆ.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಸೆಟ್ಟಿಂಗ್ಸ್ ತೆರೆದು, ಸಿಸ್ಟಂ ಒಳಗೆ ಅಬೌಟ್‌ಗೆ ಹೋಗಿ. ಕೆಳಗಡೆ ‘ಓಎಸ್ ಬಿಲ್ಡ್’ ಎಂಬ ಸಾಲಿನಲ್ಲಿ ಚುಕ್ಕಿಯ ಆಚೀಚೆ ಎರಡು ಸಂಖ್ಯೆಗಳಿರುತ್ತವೆ. ಚುಕ್ಕಿಗೆ ಮೊದಲಿನದು ಆವೃತ್ತಿಯನ್ನು ಹೇಳುತ್ತದೆ: 24ಎಚ್2 ಆದರೆ 26100, 25ಎಚ್2 ಆದರೆ 26200. ಚುಕ್ಕಿಯ ನಂತರದ್ದು ಯಾವ ತಿಂಗಳ ಅಪ್‌ಡೇಟ್ ಹಾಕಿದ್ದೀರಿ ಎಂಬುದನ್ನು ಹೇಳುತ್ತದೆ. 2025ರ ಅಕ್ಟೋಬರ್ 14ರ ಮಾಸಿಕ ಅಪ್‌ಡೇಟ್ ಹಾಕಿದ ಮೇಲೆ 24ಎಚ್2 ಇದ್ದ ಯಂತ್ರ 26100.6899 ಎಂದು ತೋರಿಸಿತು. ಅದೇ ಅಪ್‌ಡೇಟ್ ಹಾಕಿದ 25ಎಚ್2 ಯಂತ್ರ 26200.6899 ಎಂದಿತು. ಚುಕ್ಕಿಯ ನಂತರದ್ದು ಎರಡರಲ್ಲೂ ಒಂದೇ, ಏಕೆಂದರೆ ಎರಡಕ್ಕೂ ಹೋಗುವುದು ಒಂದೇ ಅಪ್‌ಡೇಟ್. ಒಳಗಿನ ಕೋಡ್ ಹಂಚಿಕೊಂಡ ಕೋಡ್.

ಅಂದರೆ ನೀವು 24ಎಚ್2ರಲ್ಲಿದ್ದು ತಿಂಗಳು ತಿಂಗಳು ಅಪ್‌ಡೇಟ್ ಹಾಕಿಕೊಳ್ಳುತ್ತಿದ್ದಾಗಲೇ 25ಎಚ್2 ನಿಮ್ಮ ಡಿಸ್ಕಿನಲ್ಲಿ ಬಹುಪಾಲು ತಯಾರಾಗಿ ಕೂತಿತ್ತು. ಕೊನೆಗೆ ಬಂದದ್ದು ‘ಎನೇಬಲ್‌ಮೆಂಟ್ ಪ್ಯಾಕೇಜ್’ ಎಂಬ ಸಣ್ಣ ಪೊಟ್ಟಣ. ಅದರ ಕೆಲಸ, ಈಗಾಗಲೇ ಇರುವುದನ್ನು ಚಾಲೂ ಮಾಡಿ ಆವೃತ್ತಿಯ ಸಂಖ್ಯೆ ಬದಲಿಸುವುದು. ಇದಕ್ಕೆ ಒಂದು ರೀಸ್ಟಾರ್ಟ್ ಸಾಕು. ಉಪಾಯ ಹೊಸದೇನಲ್ಲ. 2019ರಲ್ಲಿ ವಿಂಡೋಸ್ 10ರ 1903 ಆವೃತ್ತಿ 1909 ಆದದ್ದು ಹೀಗೆಯೇ. ಆಮೇಲೆ 2020ರಿಂದ 2022ರವರೆಗೆ ಒಂದೇ ತಳಹದಿಯ ಮೇಲೆ ಐದು ಆವೃತ್ತಿಗಳು ಬಂದವು, ಬಿಲ್ಡ್ ಸಂಖ್ಯೆ 19041ರಿಂದ 19045ರವರೆಗೆ ಒಂದೊಂದಾಗಿ ಏರಿತು.

ಇನ್ನು ಅಕ್ಕನ ಕಂಪ್ಯೂಟರ್. 23ಎಚ್2ರ ಬಿಲ್ಡ್ ಸಂಖ್ಯೆ 22631. ಅದರ ತಳಹದಿ 2022ರದ್ದು. 24ಎಚ್2 ಬಂದಾಗ ಆ ತಳಹದಿಯೇ ಬದಲಾಗಿತ್ತು. ವೈ-ಫೈ 7ರ ಬೆಂಬಲದಂಥವು ಸೇರಿದವು. ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಆದೇಶ ಗೊತ್ತಿಲ್ಲದ ತೀರಾ ಹಳೆಯ ಚಿಪ್‌ಗಳಲ್ಲಿ ಅದು ಬೂಟ್ ಕೂಡ ಆಗುವುದಿಲ್ಲ. ಅಷ್ಟು ಆಳದ ಬದಲಾವಣೆಯನ್ನು ಮಾಸಿಕ ಕಂತಿನಲ್ಲಿ ತುರುಕಲು ಬರುವುದಿಲ್ಲ. ಇಡೀ ವಿಂಡೋಸನ್ನು ತೆಗೆದು ಇನ್ನೊಂದನ್ನು ಕೂರಿಸಬೇಕು, ನಿಮ್ಮ ಫೈಲ್, ಪ್ರೋಗ್ರಾಂ, ಸೆಟ್ಟಿಂಗ್ ಯಾವುದೂ ಕದಲಬಾರದು. ಅಕ್ಕನ ಕಂಪ್ಯೂಟರಿನಲ್ಲಿ ಆ ಒಂದು ಗಂಟೆ ನಡೆದದ್ದು ಇದೇ.

ಆ ಗಂಟೆಯೊಳಗೆ ಏನೇನಾಗುತ್ತದೆ? ಮೊದಲ ಹಂತ ನೀವು ಕೆಲಸ ಮಾಡುತ್ತಿರುವಾಗಲೇ ನಡೆಯುತ್ತದೆ. ಸೆಟಪ್ ನಿಮ್ಮ ಡಿಸ್ಕಿನಲ್ಲಿ ಜಾಗವಿದೆಯೇ, ಯಾವ ಡ್ರೈವರ್ (ಯಂತ್ರದ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಇದೆ, ಕೂಡಿಬರದ ಪ್ರೋಗ್ರಾಂ ಇದೆಯೇ ಎಂದು ತಪಾಸಣೆ ಮಾಡುತ್ತದೆ, ಬೇಕಾದ ಫೈಲ್‌ಗಳನ್ನು ಇಳಿಸಿಕೊಂಡು ಒಂದು ಅಡಗಿದ ಫೋಲ್ಡರಿನಲ್ಲಿ ಹೊಸ ವಿಂಡೋಸನ್ನು ಜೋಡಿಸಿಡುತ್ತದೆ. ಫ್ಯಾನ್ ಕಾರಣವಿಲ್ಲದೆ ಕೂಗತೊಡಗಿದರೆ ಇದೂ ಒಂದು ಕಾರಣವಿರಬಹುದು. ಮೊದಲ ರೀಸ್ಟಾರ್ಟ್ ಆದಾಗ ಕಂಪ್ಯೂಟರ್ ನಿಮ್ಮ ವಿಂಡೋಸಿಗೆ ಹೋಗುವುದಿಲ್ಲ, ರಿಪೇರಿಗೆಂದು ಇಟ್ಟಿರುವ ಪುಟ್ಟ ರಿಕವರಿ ವ್ಯವಸ್ಥೆಗೆ ಹೋಗುತ್ತದೆ. ಓಡುತ್ತಿರುವ ವಿಂಡೋಸ್ ತನ್ನನ್ನು ತಾನೇ ಕಿತ್ತು ಹಾಕಿಕೊಳ್ಳಲಾರದು, ಅದಕ್ಕೆ ಈ ಏರ್ಪಾಡು. ಅಲ್ಲಿ ಹಳೆಯ ವಿಂಡೋಸ್ ಫೋಲ್ಡರ್ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಹೆಸರಿನೊಳಗೆ ಸರಿಯುತ್ತದೆ, ಹೊಸದು ಅದರ ಜಾಗಕ್ಕೆ ಬರುತ್ತದೆ. ಎರಡನೇ ರೀಸ್ಟಾರ್ಟ್‌ನಲ್ಲಿ ಹೊಸ ವಿಂಡೋಸ್ ಮೊದಲ ಬಾರಿ ಎದ್ದು ಯಂತ್ರದ ಬಿಡಿಭಾಗಗಳನ್ನು ಗುರುತು ಹಿಡಿಯುತ್ತದೆ, ಡ್ರೈವರ್‌ಗಳನ್ನು ಹಾಕಿಕೊಳ್ಳುತ್ತದೆ. ಇನ್ನೊಂದು ಸಲ ಎದ್ದು ಬಳಕೆದಾರರ ಖಾತೆ, ಸೆಟ್ಟಿಂಗ್, ಪ್ರೋಗ್ರಾಂಗಳನ್ನೆಲ್ಲ ಹೊಸ ಮನೆಗೆ ಒಕ್ಕಲು ತರುತ್ತದೆ. ಪರದೆಯ ಮೇಲಿನ ಶೇಕಡಾವಾರು ಸಂಖ್ಯೆ ಒಂದೇ ಕಡೆ ನಿಂತಂತೆ ಕಂಡರೂ ಒಳಗೆ ಕೆಲಸ ನಡೆದಿರುತ್ತದೆ. ಪವರ್ ಬಟನ್ ಮೇಲೆ ಬೆರಳಿಡಬೇಡಿ.

ಈ ಹಂತಗಳು ಗೊತ್ತಿದ್ದರೆ ವಿಫಲವಾದಾಗ ಬರುವ ಎರರ್ ಕೋಡ್ ಅರ್ಥವಾಗುತ್ತದೆ. ಸಿ1900101 ಎಂದಿದ್ದರೆ ಹೆಚ್ಚಾಗಿ ಡ್ರೈವರ್ ತಕರಾರು. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, ಉದಾಹರಣೆಗೆ 20017, 30018 ಅಥವಾ 40017. ಮೊದಲ ಅಂಕಿ 2 ಇದ್ದರೆ ರಿಕವರಿ ವ್ಯವಸ್ಥೆಯ ಹಂತದಲ್ಲೇ ಮುಗ್ಗರಿಸಿದೆ ಎಂದರ್ಥ. 3 ಇದ್ದರೆ ಹೊಸ ವಿಂಡೋಸ್ ಮೊದಲ ಸಲ ಏಳುವಾಗ, 4 ಇದ್ದರೆ ಎರಡನೇ ಸಲ ಏಳುವಾಗ. ರಿಪೇರಿಯವರ ಬಳಿ ಹೋಗುವಾಗ ‘ಅಪ್‌ಡೇಟ್ ಆಗ್ತಿಲ್ಲ’ ಎನ್ನುವ ಬದಲು ಈ ಎರಡು ಸಂಖ್ಯೆಗಳನ್ನು ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಈ ಕಾಯುವ ಸಮಯ ಮೊದಲು ಇನ್ನೂ ಹೆಚ್ಚಿತ್ತು. 2017ರ ಆರಂಭದ ಅಪ್‌ಡೇಟ್‌ಗೆ ಬಳಕೆದಾರರು ಸರಾಸರಿ 82 ನಿಮಿಷ ಕೈಕಟ್ಟಿ ಕೂರಬೇಕಿತ್ತು, ಅದೇ ವರ್ಷದ ಕೊನೆಯದಕ್ಕೆ 51, ಅದರ ಮುಂದಿನದಕ್ಕೆ 30 ಎಂದು ಮೈಕ್ರೋಸಾಫ್ಟೇ ಹೇಳಿಕೊಂಡಿತ್ತು. ಒಟ್ಟು ಕೆಲಸ ಕಡಿಮೆಯಾಯಿತೆಂದಲ್ಲ. ರೀಸ್ಟಾರ್ಟ್ ನಂತರ ಮಾಡುತ್ತಿದ್ದ ಕೆಲಸವನ್ನು ರೀಸ್ಟಾರ್ಟ್‌ಗೆ ಮೊದಲೇ, ನೀವು ಬಳಸುತ್ತಿರುವಾಗಲೇ, ಹಿನ್ನೆಲೆಯಲ್ಲಿ ಮುಗಿಸತೊಡಗಿದರು. ಇವು ಸರಾಸರಿ ಲೆಕ್ಕ, ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೂ ಎಸ್‌ಎಸ್‌ಡಿ ಇರುವ ಯಂತ್ರಕ್ಕೂ ಅಜಗಜಾಂತರ.

ಸ್ಟಾರ್ಟ್ ಮೆನುವಿನ ವಿಷಯಕ್ಕೆ ಬರೋಣ. ಆ್ಯಪ್‌ಗಳೆಲ್ಲ ಒಂದೇ ಪುಟದಲ್ಲಿ ಕೆಳಗೆ ಸರಿಯುತ್ತಾ ಹೋಗುವ ಹೊಸ ಸ್ಟಾರ್ಟ್ ಮೆನುವಿನ ಕೋಡ್ 2025ರ ಅಕ್ಟೋಬರ್ ಕೊನೆಯ ಐಚ್ಛಿಕ ಅಪ್‌ಡೇಟ್‌ನಲ್ಲಿ, ಆಮೇಲೆ ನವೆಂಬರಿನ ಮಾಸಿಕ ಅಪ್‌ಡೇಟ್‌ನಲ್ಲಿ ಬಂತು. ಗಮನಿಸಿ, 25ಎಚ್2 ಬಿಡುಗಡೆಯಾಗಿ ಆಗಲೇ ತಿಂಗಳಾಗಿತ್ತು. ಈ ಮೆನು 24ಎಚ್2 ಇದ್ದವರಿಗೂ ಬಂತು. ಅಂದರೆ ಅದಕ್ಕೂ ಆವೃತ್ತಿ ಸಂಖ್ಯೆಗೂ ನಂಟಿಲ್ಲ. ಕೋಡ್ ಎಲ್ಲರಿಗೂ ತಲುಪಿತು, ಆದರೆ ಚಾಲೂ ಆದದ್ದು ಹಂತಹಂತವಾಗಿ. ಗೋಡೆಯೊಳಗೆ ವೈರಿಂಗ್ ಮುಗಿದಿದೆ, ಸ್ವಿಚ್ ಒತ್ತುವವರು ಹೊರಗಿದ್ದಾರೆ. ಮೈಕ್ರೋಸಾಫ್ಟ್‌ನ ಸರ್ವರ್‌ನಿಂದ ಸಂದೇಶ ಬಂದಾಗ ಆ ಸೌಲಭ್ಯದ ಸ್ವಿಚ್ ಬೀಳುತ್ತದೆ. ಮೊದಲು ಕೆಲವರಿಗೆ, ತೊಂದರೆ ಕಾಣದಿದ್ದರೆ ಇನ್ನಷ್ಟು ಜನರಿಗೆ, ಕೊನೆಗೆ ಎಲ್ಲರಿಗೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಹೊಸ ಅಪ್‌ಡೇಟ್‌ಗಳನ್ನು ಲಭ್ಯವಾದ ಕೂಡಲೇ ಪಡೆಯಿರಿ’ ಎಂಬರ್ಥದ ಒಂದು ಬಟನ್ ಇದೆ. ಅದು ಆನ್ ಇದ್ದವರು ಸರತಿಯಲ್ಲಿ ಮುಂದೆ ನಿಲ್ಲುತ್ತಾರೆ. ಅಕ್ಕನದು ಆನ್ ಇರಬೇಕು, ನೋಡಿ. ಇನ್ನು ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಲೆಕ್ಕವೇ ಬೇರೆ. ಅಪ್‌ಡೇಟ್‌ಗಳನ್ನು ಕಂಪನಿಯೇ ನಿಯಂತ್ರಿಸುವ ಯಂತ್ರಗಳಲ್ಲಿ ಕೆಲವು ದೊಡ್ಡ ಬದಲಾವಣೆಗಳು ಮುಂದಿನ ವಾರ್ಷಿಕ ಆವೃತ್ತಿ ಬರುವವರೆಗೆ ಆಫ್ ಆಗಿಯೇ ಇರುತ್ತವೆ.

ನನ್ನನ್ನು ಕೇಳಿದರೆ ಈ ಪದ್ಧತಿ ತಯಾರಕರಿಗೆ ಅನುಕೂಲ, ಬಳಕೆದಾರರಿಗೆ ತಲೆನೋವು. ‘ಇಲ್ಲಿ ಒತ್ತಿ, ಅಲ್ಲಿ ಹೋಗಿ’ ಎಂದು ಫೋನಿನಲ್ಲಿ ಹೇಳಿಕೊಡುವವನ ಪರದೆಯಲ್ಲಿ ಇರುವ ಬಟನ್ ಕೇಳುವವನ ಪರದೆಯಲ್ಲಿ ಇರುವುದೇ ಇಲ್ಲ, ಇಬ್ಬರದೂ ಒಂದೇ ಆವೃತ್ತಿ. ನಿಮ್ಮ ಸ್ವಿಚ್ ಬಿದ್ದಿದೆಯೇ ಇಲ್ಲವೇ ಎಂದು ತೋರಿಸುವ ಪಟ್ಟಿಯೊಂದನ್ನು ಸೆಟ್ಟಿಂಗ್ಸ್‌ನಲ್ಲೇ ಕೊಡಬಹುದಿತ್ತು.

ಹಾಗಿದ್ದರೂ ನಿಧಾನವಾಗಿ ಹಂಚುವುದಕ್ಕೆ ಗಟ್ಟಿ ಕಾರಣವಿದೆ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಆವೃತ್ತಿ ಬಿಡುಗಡೆಯಾಯಿತು. ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳನ್ನು ಬೇರೆ ಜಾಗಕ್ಕೆ ತಿರುಗಿಸಿಕೊಂಡಿದ್ದ ಕೆಲವರಿಗೆ, ಹಳೆಯ ಜಾಗದಲ್ಲಿ ಉಳಿದಿದ್ದ ಫೈಲ್‌ಗಳು ಅಪ್‌ಡೇಟ್ ಆದ ಮೇಲೆ ಮಾಯವಾದವು. ಖಾಲಿ ಬಿದ್ದ ನಕಲಿ ಫೋಲ್ಡರುಗಳನ್ನು ಗುಡಿಸಲೆಂದು ಬರೆದ ಕೋಡ್, ಫೈಲ್ ಇದ್ದ ಫೋಲ್ಡರನ್ನೂ ಗುಡಿಸಿತ್ತು. ಕೆಲವೇ ದಿನಗಳಲ್ಲಿ ಬಿಡುಗಡೆಯನ್ನು ತಡೆಹಿಡಿದು, ನವೆಂಬರ್ 13ರಂದು ಮತ್ತೆ ಬಿಡಲಾಯಿತು. ಪೆಟ್ಟು ತಿಂದವರು ಒಟ್ಟು ಬಳಕೆದಾರರಲ್ಲಿ ಅತಿ ಸಣ್ಣ ಪಾಲು. ಫೈಲ್ ಕಳೆದುಕೊಂಡವರಿಗೆ ಆ ಲೆಕ್ಕದಿಂದ ಏನು ಸಮಾಧಾನ?

ಈಗ ಫೀಚರ್ ಅಪ್‌ಡೇಟ್ ಮೊದಲು ಇನ್‌ಸೈಡರ್ ಎಂಬ ಸ್ವಯಂ ಇಚ್ಛೆಯ ಪರೀಕ್ಷಕರ ಬಳಿ ತಿಂಗಳುಗಟ್ಟಲೆ ಇರುತ್ತದೆ. ಆಮೇಲೆ ತಾವಾಗಿ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ ಕೇಳುವವರಿಗೆ ಸಿಗುತ್ತದೆ. ಅಲ್ಲಿಂದ ಮುಂದೆ ಯಾವ ಯಂತ್ರಕ್ಕೆ ಯಾವಾಗ ಕಳಿಸಬೇಕೆಂದು ಮಷೀನ್ ಲರ್ನಿಂಗ್ ಮಾದರಿ ಅಂದಾಜು ಮಾಡುತ್ತದೆ. ಯಾವ ಬಗೆಯ ಯಂತ್ರಗಳಲ್ಲಿ ಕ್ರ್ಯಾಶ್ ಹೆಚ್ಚಾಯಿತು, ಎಲ್ಲಿ ಅಪ್‌ಡೇಟ್ ಅರ್ಧಕ್ಕೆ ವಾಪಸ್ ಹೋಯಿತು ಎಂಬ ಮಾಹಿತಿ ಅದಕ್ಕೆ ಆಹಾರ. ಒಂದು ಡ್ರೈವರ್ ಅಥವಾ ಆ್ಯಪ್‌ನೊಂದಿಗೆ ಹೊಂದಿಕೆಯಾಗುವುದಿಲ್ಲ ಎಂದು ಖಚಿತವಾದರೆ ಅದಿರುವ ಯಂತ್ರಗಳಿಗಷ್ಟೇ ತಡೆ ಬೀಳುತ್ತದೆ. ಇದಕ್ಕೆ ‘ಸೇಫ್‌ಗಾರ್ಡ್ ಹೋಲ್ಡ್’ ಎನ್ನುತ್ತಾರೆ. 24ಎಚ್2 ಬಂದಾಗ ಕೆಲವು ಗೇಮ್‌ಗಳಿದ್ದ, ಕೆಲವು ಕ್ಯಾಮೆರಾಗಳಿದ್ದ ಯಂತ್ರಗಳಿಗೆ ಹೀಗೆ ತಡೆ ಬಿದ್ದಿತ್ತು. ‘ಎಲ್ಲರಿಗೂ ಬಂದಿದೆ, ನನಗೆ ಬಂದಿಲ್ಲ’ ಎಂದು ಐಎಸ್‌ಒ ಫೈಲ್ (ಇಡೀ ವಿಂಡೋಸ್ ಒಂದೇ ಫೈಲಿನಲ್ಲಿರುವ ಪ್ರತಿ) ಇಳಿಸಿಕೊಂಡು ಒತ್ತಾಯದಿಂದ ಹಾಕಿಕೊಳ್ಳುವವರು ಈ ತಡೆಯನ್ನೇ ಹಾರಿ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬೇರೆ ವ್ಯವಸ್ಥೆಗಳಲ್ಲೂ ಇದೇ ಸಮಸ್ಯೆ, ಪರಿಹಾರ ಬೇರೆ. ಮ್ಯಾಕ್‌ಓಎಸ್‌ನಲ್ಲಿ 2020ರ ಬಿಗ್ ಸರ್‌ನಿಂದ ವ್ಯವಸ್ಥೆಯ ಫೈಲ್‌ಗಳು ಮುದ್ರೆ ಹಾಕಿದ ಪ್ರತ್ಯೇಕ ವಾಲ್ಯೂಮ್‌ನಲ್ಲಿರುತ್ತವೆ. ಅಪ್‌ಡೇಟ್ ಎಂದರೆ ಅದರ ಹೊಸ ಪ್ರತಿ ಸಿದ್ಧಪಡಿಸಿ, ರೀಸ್ಟಾರ್ಟ್‌ನಲ್ಲಿ ಅದಕ್ಕೆ ಬದಲಾಯಿಸಿಕೊಳ್ಳುವುದು. ಕ್ರೋಮ್‌ಓಎಸ್ ಇನ್ನೂ ಜಾಣ: ಎರಡು ಪಾರ್ಟಿಷನ್ ಇಟ್ಟುಕೊಂಡು, ಒಂದರಲ್ಲಿ ನೀವು ಕೆಲಸ ಮಾಡುವಾಗ ಇನ್ನೊಂದರಲ್ಲಿ ಹೊಸ ಆವೃತ್ತಿ ಬರೆದಿಡುತ್ತದೆ. ಹೊಸದು ಏಳದಿದ್ದರೆ ಹಳೆಯದು ಹಾಗೆಯೇ ಇರುತ್ತದೆ. ಉಬುಂಟು 2004ರಿಂದ ಬಹುತೇಕ ಪ್ರತಿ ಏಪ್ರಿಲ್, ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಕೊಡುತ್ತ ಬಂದಿದೆ. ಅಷ್ಟು ಓಡಾಟ ಬೇಡವೆನ್ನುವವರಿಗೆ ಎರಡು ವರ್ಷಕ್ಕೊಮ್ಮೆ ಬರುವ, ಐದು ವರ್ಷ ಬೆಂಬಲವಿರುವ ಎಲ್‌ಟಿಎಸ್ ಇದೆ.

ನಿಮ್ಮ ಮುಂದಿನ ಪ್ರಶ್ನೆ, ಹಾಕಿಕೊಳ್ಳಲೇಬೇಕೇ ಎಂಬುದು. ಮಾಸಿಕ ಭದ್ರತಾ ಅಪ್‌ಡೇಟ್ ಬಗ್ಗೆ ಚರ್ಚೆ ಬೇಡ, ಹಾಕಿಕೊಳ್ಳಿ. ತಿಂಗಳ ಕೊನೆಯ ಭಾಗದಲ್ಲಿ ‘ಪ್ರಿವ್ಯೂ’ ಎಂದು ಬರುವುದು ಐಚ್ಛಿಕ. ಅದರಲ್ಲಿರುವುದು ಮುಂದಿನ ತಿಂಗಳು ಹೇಗೂ ಬರುತ್ತದೆ, ನಾನಾದರೆ ಅದನ್ನು ಮುಟ್ಟುವುದಿಲ್ಲ. ವಾರ್ಷಿಕ ಅಪ್‌ಡೇಟ್ ವಿಷಯದಲ್ಲಿ ನೋಡಬೇಕಾದ್ದು ಹೊಸ ಸೌಲಭ್ಯಗಳನ್ನಲ್ಲ, ಕಡೆಯ ದಿನಾಂಕವನ್ನು. ವಿಂಡೋಸಿನ ಹೋಮ್ ಮತ್ತು ಪ್ರೊ ಬಗೆಗಳಲ್ಲಿ ಪ್ರತಿ ವಾರ್ಷಿಕ ಆವೃತ್ತಿಗೂ ಬಿಡುಗಡೆಯಿಂದ 24 ತಿಂಗಳು ಭದ್ರತಾ ಅಪ್‌ಡೇಟ್ ಸಿಗುತ್ತದೆ. 23ಎಚ್2ರ ಅವಧಿ 2025ರ ನವೆಂಬರ್ 11ಕ್ಕೆ ಮುಗಿಯಿತು. 24ಎಚ್2ಗೆ 2026ರ ಅಕ್ಟೋಬರ್ 13, 25ಎಚ್2ಗೆ 2027ರ ಅಕ್ಟೋಬರ್ 12 ಕೊನೆ. 25ಎಚ್2ರಲ್ಲಿ ಹೊಸದಾಗಿ ಕಾಣುವಂಥದ್ದು ಬಹಳ ಕಡಿಮೆ. ಪವರ್‌ಶೆಲ್ 2.0ರಂಥ ಹಳೆಯ ಭಾಗಗಳನ್ನು ಕಿತ್ತು ಹಾಕಿದ್ದೇ ಎದ್ದು ಕಾಣುವ ಬದಲಾವಣೆ. ಆದರೂ ಐದು ನಿಮಿಷ ಕೊಟ್ಟರೆ ಬೆಂಬಲ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ತಡೆಯುವ ಮಾತು. ವಿಂಡೋಸ್ ಅಪ್‌ಡೇಟ್ ಪುಟದ ‘ಪಾಜ್’ (Pause) ಬಟನ್ ಒತ್ತಿ ಒಮ್ಮೆಗೆ ಐದು ವಾರದವರೆಗೆ ನಿಲ್ಲಿಸಬಹುದು. ಪ್ರೊ ಇದ್ದವರು ಗ್ರೂಪ್ ಪಾಲಿಸಿ ಎಂಬ ನಿಯಂತ್ರಣ ಸಾಧನದಲ್ಲಿ ಇಂಥದೇ ಆವೃತ್ತಿಯಲ್ಲಿ ನಿಲ್ಲು ಎಂದು ಗುರಿ ಹಾಕಿಡಬಹುದು. ಹೋಮ್‌ನಲ್ಲಿ ಆ ಸೌಕರ್ಯವಿಲ್ಲ. ಸಾಮಾನ್ಯವಾಗಿ ‘ಡೌನ್‌ಲೋಡ್ ಆ್ಯಂಡ್ ಇನ್‌ಸ್ಟಾಲ್’ ಒತ್ತುವವರೆಗೆ ವಾರ್ಷಿಕ ಅಪ್‌ಡೇಟ್ ಕಾಯುತ್ತದೆ, ಆದರೆ ನಿಮ್ಮ ಆವೃತ್ತಿಯ ಬೆಂಬಲ ಮುಗಿಯುತ್ತ ಬಂದರೆ ಕೇಳದೆಯೇ ಶುರುವಾಗುತ್ತದೆ. ವಿಂಡೋಸ್ ಅಪ್‌ಡೇಟ್ ಸೇವೆಯನ್ನೇ ಸ್ಥಗಿತಗೊಳಿಸುವ ಉಪಾಯಗಳನ್ನು ಹೇಳಿಕೊಡುವವರಿದ್ದಾರೆ. ಅದರಿಂದ ಭದ್ರತಾ ಅಪ್‌ಡೇಟೂ ನಿಲ್ಲುತ್ತದೆ, ಮೂಗು ಕೊಯ್ದುಕೊಂಡು ನೆಗಡಿ ವಾಸಿ ಮಾಡಿಕೊಂಡಂತೆ.

ದೊಡ್ಡ ಬದಲಾವಣೆಯ ವರ್ಷದಲ್ಲಿ, ಅಂದರೆ ತಳಹದಿ ಬದಲಾಗುವಾಗ, ಎರಡು ಕೆಲಸ ಮಾಡಿಕೊಳ್ಳಿ. ಮುಖ್ಯ ಫೈಲ್‌ಗಳ ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ. ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ಬೀಗ, ವಿಂಡೋಸಿನಲ್ಲಿ ಅದರ ಹೆಸರು ಬಿಟ್‌ಲಾಕರ್) ಆನ್ ಇದ್ದರೆ ಬಿಟ್‌ಲಾಕರ್ ರಿಕವರಿ ಕೀ ಎಲ್ಲಿದೆ ಎಂದು ಮೊದಲೇ ಹುಡುಕಿ, ಬರೆದಿಟ್ಟುಕೊಳ್ಳಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ಮಾಲೀಕರಿಗೇ ತಿಳಿಯದಂತೆ ಆನ್ ಇರುತ್ತದೆ, ಕೀ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಸಾಮಾನ್ಯವಾಗಿ ಅಪ್‌ಡೇಟ್ ಅದನ್ನು ಕೇಳುವುದಿಲ್ಲ. ಕೇಳಿದ ದಿನ ಕೈಯಲ್ಲಿಲ್ಲದಿದ್ದರೆ ಡೇಟಾದ ಆಸೆ ಬಿಡಬೇಕಾಗುತ್ತದೆ.

ಕೊನೆಯದಾಗಿ ಹಿಂದಕ್ಕೆ ಹೋಗುವುದು. ಇಲ್ಲೂ ನಿಮಗೂ ಅಕ್ಕನಿಗೂ ದಾರಿ ಬೇರೆ. ಅಕ್ಕನ ಕಂಪ್ಯೂಟರಿನಲ್ಲಿ ಹಳೆಯ ವಿಂಡೋಸ್ ಪೂರ್ತಿಯಾಗಿ ‘ವಿಂಡೋಸ್ ಡಾಟ್ ಓಲ್ಡ್’ನಲ್ಲಿ ಉಳಿದಿರುವುದರಿಂದ ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ‘ಗೋ ಬ್ಯಾಕ್’ ಬಟನ್ ಸಿಗುತ್ತದೆ, ಆದರೆ 10 ದಿನ ಮಾತ್ರ. ಆಮೇಲೆ ವಿಂಡೋಸ್ ಆ ಫೋಲ್ಡರನ್ನು ಅಳಿಸಿ ಜಾಗ ಖಾಲಿ ಮಾಡುತ್ತದೆ. ಅಷ್ಟರೊಳಗೆ ಡಿಸ್ಕ್ ಕ್ಲೀನಪ್ ಓಡಿಸಿ ಅವಳೇ ಅಳಿಸಿದ್ದರೆ ಆ ಬಟನ್ ಆಗಲೇ ಹೋಗಿರುತ್ತದೆ. ಹಿಂದಕ್ಕೆ ಹೋದರೆ ಅಪ್‌ಡೇಟ್ ನಂತರ ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ, ಸ್ವಂತ ಫೈಲ್‌ಗಳು ಉಳಿಯುತ್ತವೆ. ನಿಮ್ಮದರಲ್ಲಿ ಹಳೆಯ ವಿಂಡೋಸ್ ಎಂಬ ಪ್ರತ್ಯೇಕ ವಸ್ತುವೇ ಇಲ್ಲ, ಆದ್ದರಿಂದ ‘ಗೋ ಬ್ಯಾಕ್’ ಹುಡುಕಿ ಪ್ರಯೋಜನವಿಲ್ಲ. ಅಪ್‌ಡೇಟ್ ಹಿಸ್ಟರಿಯ ಕೊನೆಯಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ತೆರೆದು ಎನೇಬಲ್‌ಮೆಂಟ್ ಪ್ಯಾಕೇಜನ್ನು ತೆಗೆದರೆ, ಒಂದು ರೀಸ್ಟಾರ್ಟ್ ನಂತರ ಮತ್ತೆ 26100 ಎಂದು ತೋರಿಸುತ್ತದೆ.